ನಿರ್ಮಾಲ್ಯ ತೆಗೆಯುವ ಹೊತ್ತು

ಮೊದಲು ಬಣ್ಣ ಕಳೆದುಕೊಂಡದ್ದು ಕುಂಕುಮ.

ಆರು ವರ್ಷಗಳ ಹಿಂದಿನ ಮಾತು. ಬೆಳಗಿನ ಪೂಜೆಗೆ ಅಣಿಮಾಡುತ್ತಿದ್ದ ನನ್ನ ಸೊಸೆ ಪದ್ಮಾವತಿ ಕುಂಕುಮದ ಬಟ್ಟಲನ್ನು ದೀಪದ ಬಳಿಗೆ ತಂದು, ಒಮ್ಮೆ ಎಡಗಣ್ಣನ್ನೂ ಒಮ್ಮೆ ಬಲಗಣ್ಣನ್ನೂ ಅಂಗೈಯಿಂದ ಮುಚ್ಚಿಕೊಂಡು ನೋಡಿದಳು.

"ಮಾವಾ, ಇದು ಬಲಗಣ್ಣಿಗೆ ಕೆಂಪಾಗೈತೆ. ಎಡಗಣ್ಣಿಗೆ ಒಗದು ಒಗದು ಹಳೇದಾದ ಸೀರೆ ಥರ ಐತೆ."

ಅಂಗಡಿಯವನು ಕಲಬೆರಕೆ ಮಾಡಿದ್ದಾನೆಂದು ನಾನು ತೀರ್ಮಾನಿಸಿದೆ. ಒಂದೇ ಬಟ್ಟಲಿನ ಕುಂಕುಮ ಎರಡು ಕಣ್ಣಿಗೆ ಎರಡು ಬಗೆಯಾಗಿ ಕಂಡರೆ ದೋಷ ಬಟ್ಟಲಿನದಾಗಿರಲಾರದು ಎಂಬ ಸರಳ ವಿಚಾರ, ಬಾಲ್ಯದಲ್ಲಿ ತರ್ಕಶಾಸ್ತ್ರ ಕೇಳಿದ ಈ ತಲೆಗೆ ಹೊಳೆಯಲಿಲ್ಲ. ಹೊಸ ಕುಂಕುಮ ತರಿಸಿದೆ. ಅದೂ ಎಡಗಣ್ಣಿಗೆ ಮಾಸಿಯೇ ಕಂಡಿತು. ನಾಲ್ಕನೆಯ ದಿನ, ಆ ಕಣ್ಣನ್ನು ಹೊರಳಿಸಿದರೆ ನೋವು ಎಂದಳು. ಆರನೆಯ ದಿನ ಆ ಕಣ್ಣಿಗೆ ದೀಪವೇ ಮಬ್ಬಾಯಿತು.

ನಮ್ಮದು ಕೊಯಮತ್ತೂರಿನ ಬಳಿಯ ಕರುಮತ್ತಂಪಟ್ಟಿ. ನೇಯ್ಗೆಯ ಕುಲ. ಎಷ್ಟೋ ತಲೆಮಾರುಗಳಿಂದ ಇಲ್ಲೇ ಇದ್ದೇವೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡ ಆಡುವವರೇ ಎಲ್ಲರೂ, ಓದುವವರಿಲ್ಲ. ನನ್ನ ತಂದೆಯವರು ಮಾತ್ರ ಹಟ ಹಿಡಿದು, ನನ್ನನ್ನು ಬಾಲ್ಯದಲ್ಲಿ ಘಟ್ಟದಾಚೆಯ ಪಾಠಶಾಲೆಯೊಂದಕ್ಕೆ ಕಳಿಸಿದರು. ಆರು ವರ್ಷ ಸಂಸ್ಕೃತವನ್ನೂ ಕನ್ನಡವನ್ನೂ ಕಲಿತು, ಮರಳಿ ಬಂದು ಮಗ್ಗಕ್ಕೆ ಕುಳಿತೆ. ಈಗ ಮನೆಯ ಗೋಡೆಗೆ ಅಂಟಿಕೊಂಡಿರುವ ಶೆಡ್ಡಿನಲ್ಲಿ ಎಂಟು ಪವರ್‌ಲೂಮ್‌ಗಳಿವೆ. ಅವನ್ನು ನೋಡಿಕೊಳ್ಳುವವನು ಮಗ ಶಿವಕುಮಾರ. ನನಗೆ ಎಪ್ಪತ್ತಾರು. ಕುಲದೇವತೆ ಚೌಡೇಶ್ವರಿಯ ಪೂಜೆಯೊಂದೇ ನನ್ನ ಪಾಲಿಗೆ ಉಳಿದ ಉದ್ಯೋಗ.

ಪದ್ಮಾವತಿ ಹತ್ತಿರದ ಅನ್ನೂರು ಎಂಬ ಊರಿನವಳು. ಮದುವೆಯಾಗಿ ಬಂದ ಮೂರನೆಯ ತಿಂಗಳಿಗೆ ಒಂದು ಸ್ಲೇಟು ಹಿಡಿದು ನನ್ನೆದುರು ನಿಂತಳು. "ನೀವು ಹೇಳೋ ನಾಮಾನ ನಾನೂ ನೋಡ್ಕೊಂಡು ಹೇಳ್ಬೇಕು ಮಾವಾ. ಸುಮ್ಮೆ ಕಿವೀಲಿ ಕೇಳಿ ತಲೆ ಆಡ್ಸೋಕೆ ನನಗೆ ನಾಚ್ಕೆ ಆಗ್ತೈತೆ." ನನ್ನ ಮಗ ಕಲಿಯಲಿಲ್ಲ. ನನ್ನ ಪತ್ನಿ ರಾಜಮ್ಮ ಕಲಿಯಲಿಲ್ಲ. ಈ ಹುಡುಗಿ ಎರಡೇ ತಿಂಗಳಲ್ಲಿ ಒತ್ತಕ್ಷರ ಸಹಿತ ಕಲಿತಳು. ಅಂದಿನಿಂದ ಪ್ರತಿದಿನ ಬ್ರಾಹ್ಮೀ ಮುಹೂರ್ತದಲ್ಲಿ ಅಮ್ಮನವರ ನೂರೆಂಟು ನಾಮಗಳನ್ನು ಅವಳು ಹೇಳುವುದು, ಒಂದೊಂದು ನಾಮಕ್ಕೆ ನಾನು ಒಂದೊಂದು ಹೂವಿಡುವುದು. ಅದು ನಮ್ಮ ಮನೆಯ ನಿಯಮವಾಯಿತು.

ಅವಳ ಇನ್ನೊಂದು ಶಕ್ತಿಯನ್ನೂ ಹೇಳಬೇಕು. ಮಗ್ಗಕ್ಕೆ ನಮ್ಮ ಮನೆಮಾತಿನಲ್ಲಿ ತಮಿಳಿನ ತರಿ ಎಂಬ ಪದವೇ ನಿಂತಿದೆ. ಎಂಟೂ ಏಕಕಾಲಕ್ಕೆ ಓಡುವಾಗ ಹೊಸಬರಿಗೆ ಎದುರಿನವರ ಮಾತೂ ಕೇಳದು. ಪದ್ಮಾವತಿ ಅಡುಗೆಮನೆಯಲ್ಲಿ ದೋಸೆ ಮಗುಚುತ್ತಲೇ, "ಏನುಂಗ, ಆರನೇ ತರಿ ನಿಂತೋಯ್ತು," ಎಂದು ಗಂಡನಿಗೆ ಕೂಗಿ ಹೇಳುವಳು. ಅವನು ಹೋಗಿ ನೋಡಿದರೆ ಆರನೆಯದರಲ್ಲೇ ನೂಲು ಕಡಿದಿರುತ್ತಿತ್ತು. ಒಮ್ಮೆಯೂ ತಪ್ಪಿದ್ದನ್ನು ನಾನು ಕಾಣೆ.

ಇಂಥವಳನ್ನು ಕೊಯಮತ್ತೂರಿನ ಆಸ್ಪತ್ರೆಯಲ್ಲಿ ಎಂಆರ್‌ಐ ಯಂತ್ರದೊಳಗೆ ಮಲಗಿಸಿದರು. ಬೆನ್ನಿನಿಂದ ನೀರು ತೆಗೆದರು. ಮೂರನೆಯ ದಿನ ನ್ಯೂರಾಲಜಿಸ್ಟ್ ನಮ್ಮನ್ನು ಕರೆದರು. ವಯಸ್ಸಿನಲ್ಲಿ ನನ್ನ ಸೊಸೆಯಷ್ಟೇ ಇದ್ದ ಆ ತಾಯಿ, ತಿರುಪ್ಪೂರಿನ ಬನಿಯನ್ ಕೆಲಸದ ಮನೆತನದಿಂದ ಓದಿ ಬಂದವರು. ಪರದೆಯ ಮೇಲೆ ಮೆದುಳಿನ ಚಿತ್ರ. ಅದರಲ್ಲಿ ಅಲ್ಲಲ್ಲಿ ಬಿಳಿಯ ಮಚ್ಚೆಗಳು.

"ಮಲ್ಟಿಪಲ್ ಸ್ಕ್ಲೆರೋಸಿಸ್," ಎಂದರು.

ಹೆಸರು ಅರ್ಥವಾಗಲಿಲ್ಲ. ಅವರ ಮುಖ ಅರ್ಥವಾಯಿತು.

ನರಗಳ ಮೇಲೆ ಒಂದು ಹೊದಿಕೆ ಇರುತ್ತದೆ. ದೇಹವನ್ನು ಕಾಯಬೇಕಾದ ಕಾವಲೇ ತಪ್ಪುತಿಳಿದು ಆ ಹೊದಿಕೆಯನ್ನು ಕೆಡಿಸುತ್ತದೆ. ಪೂರ್ತಿ ಗುಣಮಾಡುವ ಮದ್ದು ಇನ್ನೂ ಇಲ್ಲ, ಆದರೆ ಹತೋಟಿಯಲ್ಲಿಡಬಹುದು ಎಂದು ಅವರು ತಮಿಳಿನಲ್ಲಿ ತಾಳ್ಮೆಯಿಂದ ವಿವರಿಸಿದರು. ಐದು ದಿನ ಸ್ಟೀರಾಯ್ಡ್ ಏರಿಸಿದರು. ಕಣ್ಣು ಬಹುಮಟ್ಟಿಗೆ ಮರಳಿತು. ಬಳಿಕ ಆರು ತಿಂಗಳಿಗೊಮ್ಮೆ ಡ್ರಿಪ್. ಮನೆಗೆ ಬಂದ ದಿನ ಪದ್ಮಾವತಿ ಮಾಡಿದ ಮೊದಲ ಕೆಲಸ, ಎಡಗಣ್ಣಿನಿಂದ ಕುಂಕುಮ ನೋಡಿದ್ದು. "ಕೊಂಜ ಕೆಂಪು ಬಂದೈತೆ," ಎಂದು ನಕ್ಕಳು. ಉಳಿದವರೆಲ್ಲ ಅತ್ತೆವು.

ನಾಲ್ಕು ವರ್ಷ ಹಾಗೆ ಸಾಗಿತು. ಬಿಸಿಲು ಏರಿದರೆ ಕಾಲು ಭಾರವಾಗುವುದು, ಮಧ್ಯಾಹ್ನಕ್ಕೆ ದೇಹ ಸೋಲುವುದು, ಇವು ಇದ್ದವು. ಆದರೂ ಅವಳು ಅವಳಾಗಿಯೇ ಇದ್ದಳು. ದೇಹ ಸೋತರೂ ಬುದ್ಧಿ ಅಚಲವೆಂದು ನಾನು ನಂಬಿದ್ದೆ. ನಾವು ಓದಿದ ಶಾಸ್ತ್ರದಲ್ಲಿ ದೇಹ ಬೇರೆ, ಬುದ್ಧಿ ಬೇರೆ. ಬುದ್ಧಿಯೂ ಒಂದು ಅಂಗದಲ್ಲಿ ವಾಸಿಸುತ್ತದೆ, ಆ ಅಂಗಕ್ಕೂ ದಣಿವಿದೆ ಎಂಬುದನ್ನು ನಾನು ಯೋಚಿಸಿರಲಿಲ್ಲ.

ಆಮೇಲೆ ಮಾತು ತಡವಾಗತೊಡಗಿತು.

ತಪ್ಪಲಿಲ್ಲ, ತಡವಾಯಿತು. "ಆ ಅದು... ಅದೇ... ಅದನ್ನ ತಗೊಂಡ್ ಬನ್ನಿ," ಎಂದು ಜರಡಿಯನ್ನು ಬೆರಳಿನಿಂದ ತೋರಿಸುವಳು. ಇಬ್ಬರು ಒಟ್ಟಿಗೆ ಮಾತಾಡಿದರೆ ಎದ್ದು ಹೋಗುವಳು. ಮಗ್ಗ ನಿಂತದ್ದನ್ನು ಹೇಳುವ ಹೊತ್ತಿಗೆ ಶಿವಕುಮಾರ ಅದನ್ನು ಸರಿಮಾಡಿ ಓಡಿಸಿಯೂ ಆಗಿರುತ್ತಿತ್ತು. "ನೀನು ಹೇಳ್ದೆ, ಆದ್ರೆ ನಾಳೆ ಪೇಪರ್‌ನಲ್ಲಿ ಬಂದಂಗೆ ಹೇಳ್ದೆ," ಎಂದು ಅವನು ಹಾಸ್ಯ ಮಾಡಿದ. ಅವಳೂ ನಕ್ಕಳು. ಆ ಬಳಿಕ ಮಗ್ಗದ ವಿಷಯ ಹೇಳುವುದನ್ನೇ ಬಿಟ್ಟಳು.

ಈಗ ನನ್ನ ತಪ್ಪನ್ನು ಬರೆಯಬೇಕು.

ಕಳೆದ ವರ್ಷದ ಧನುರ್ಮಾಸ. ವರ್ಷದಲ್ಲೇ ಅತ್ಯಂತ ಪವಿತ್ರವಾದ ಮುಂಜಾವುಗಳ ತಿಂಗಳು. ನಾಲ್ಕೂಕಾಲಿಗೆ ನಾನು ಗಂಟೆ ಬಾರಿಸಿ, ಹಿಂದಿನ ದಿನದ ಹೂವನ್ನು, ಎಂದರೆ ನಿರ್ಮಾಲ್ಯವನ್ನು ತೆಗೆದು, ಪೀಠ ಒರೆಸುವಷ್ಟರಲ್ಲಿ ಪದ್ಮಾವತಿ ಸ್ನಾನ ಮುಗಿಸಿ ಬಂದು ಕೂರುವಳು. ಅಂದು ನಲವತ್ತನೆಯ ನಾಮದ ಸುಮಾರಿಗೆ ನಿಂತಳು. ಪುಸ್ತಕ ಎದುರಿಗಿತ್ತು. ಬೆರಳು ಅಕ್ಷರದ ಮೇಲಿತ್ತು. ಮಾತು ಬರಲಿಲ್ಲ.

ನಡುವೆ ತಪ್ಪಿದರೆ ಮೊದಲಿನಿಂದ ಹೇಳಬೇಕೆಂಬುದು ನನ್ನ ಗುರುಗಳು ಕಲಿಸಿದ ನಿಯಮ. ಹಾಗೆಯೇ ಬೆಳೆದವನು ನಾನು.

"ಮೊದಲಿನಿಂದ," ಎಂದೆ.

ಮೊದಲಿನಿಂದ ಹೇಳಿದಳು. ಐವತ್ತರ ಬಳಿ ಮತ್ತೆ ನಿಂತಳು.

"ಮೊದಲಿನಿಂದ."

ಅಡುಗೆಮನೆಯಿಂದ ರಾಜಮ್ಮನ ಸ್ವರ ಬಂತು: "ಏನುಂಗ, ಅಮ್ಮನವರೇ ಸಾಕು ಬಿಡಪ್ಪಾ ಅಂತಾವ್ರೆ. ನಿಮಗಿನ್ನೂ ಸಾಕಾಗಿಲ್ಲವಾ?"

ಮೂರನೆಯ ಸಲ ಪದ್ಮಾವತಿ ನೂರೆಂಟನ್ನೂ ಮುಗಿಸಿದಳು. ಕಣ್ಣು ತುಂಬಿತ್ತು. ಅದನ್ನು ಭಕ್ತಿಯೆಂದುಕೊಂಡೆ. "ಕಂಡೆಯಾ ಅಮ್ಮಾ, ಮನಸ್ಸಿಟ್ಟರೆ ಆಗುತ್ತದೆ," ಎಂದೆ.

ಹೌದು. ಹಾಗೆಯೇ ಎಂದೆ.

ಸಂಕ್ರಾಂತಿ ಕಳೆದ ವಾರ ಮೂವರೂ ಡ್ರಿಪ್‌ಗೆ ಹೋದಾಗ ಶಿವಕುಮಾರ ಡಾಕ್ಟರಿಗೆ ಎಲ್ಲವನ್ನೂ ಹೇಳಿದ. ಅವರು ಒಂದು ಪರೀಕ್ಷೆ ಮಾಡಿಸಿದರು. ಒಂದೊಂದು ಚಿಹ್ನೆಗೆ ಒಂದೊಂದು ಅಂಕಿ. ಮೇಲೆ ಕೊಟ್ಟ ಪಟ್ಟಿ ನೋಡಿ, ಕೆಳಗಿನ ಚಿಹ್ನೆಗಳಿಗೆ ಅಂಕಿ ಹೇಳುತ್ತಾ ಹೋಗಬೇಕು. ಸಮಯ ತೊಂಬತ್ತು ಸೆಕೆಂಡು. ಪದ್ಮಾವತಿ ಒಂದನ್ನೂ ತಪ್ಪು ಹೇಳಲಿಲ್ಲವಂತೆ. ಆದರೆ ಹೇಳಿದ್ದು ಸ್ವಲ್ಪವೇ. ನಾಲ್ಕು ವರ್ಷದ ಹಿಂದಿನ ಪರೀಕ್ಷೆಗಿಂತ ಬಹಳ ಕಡಿಮೆ.

ಕೂತಲ್ಲೇ ಅವಳು ಕೇಳಿದಳು: "ಡಾಕ್ಟರ್, ನಾನು ಕೊನೆಗೆ ಏನೂ ನೆನಪಿಲ್ಲದೋಳಾಗ್ತೀನಾ?" ತಮಿಳಿನಲ್ಲಿ ಕೇಳಿದಳು. ನನ್ನ ಮನಸ್ಸಿನಲ್ಲಿ ಅದು ಕನ್ನಡದಲ್ಲೇ ಉಳಿದಿದೆ.

ಡಾಕ್ಟರು ಇಲ್ಲ ಎಂದು ಸುಳ್ಳು ಹೇಳಲಿಲ್ಲ. ಹೌದೆಂದು ಹೆದರಿಸಲೂ ಇಲ್ಲ. ಈ ಕಾಯಿಲೆಯಲ್ಲಿ ಹಲವರಿಗೆ ಯೋಚನೆಯ ವೇಗ ಇಳಿಯುತ್ತದೆ, ಎಲ್ಲರಿಗೂ ಒಂದೇ ಸಮನಲ್ಲ, ಇಳಿದಷ್ಟರಲ್ಲೇ ಹಿಡಿದು ನಿಲ್ಲಿಸಲು ಏನೇನು ಸಾಧ್ಯವೋ ಎಲ್ಲ ಮಾಡೋಣ ಎಂದರು. ಬಳಿಕ ಶಿವಕುಮಾರನ ಕಡೆ ತಿರುಗಿ ಕೇಳಿದರು:

"ತರಿ ಓಡುವಾಗ ಶೆಡ್ಡಿನಲ್ಲಿ ಪಂಜು ಹಾರುತ್ತದಲ್ಲ, ಅದನ್ನು ಯಾವಾಗ ಗುಡಿಸುತ್ತೀರಿ?"

ಪಂಜು ಎಂದರೆ ಹತ್ತಿಯ ನವುರು. ಮಗ್ಗದ ಮೈಮೇಲೆ ಮಂಜಿನಂತೆ ಕೂರುತ್ತದೆ.

"ತರಿ ನಿಲ್ಲಿಸಿದ ಮೇಲೆಯೇ. ಓಡುವಾಗ ಕೈ ಹಾಕೋಕಾಗುತ್ತಾ ಡಾಕ್ಟರ್?"

"ಗುಡಿಸದೆ ಬಿಟ್ಟರೆ?"

"ನೂಲು ಕಡಿಯುತ್ತೆ. ಬಟ್ಟೆಯಲ್ಲಿ ಡ್ಯಾಮೇಜ್ ಬರುತ್ತೆ. ಒಂದೇ ದಿನಕ್ಕೆ ಗೊತ್ತಾಗಲ್ಲ."

"ಮೆದುಳೂ ಹಾಗೆಯೇ," ಎಂದರು ಡಾಕ್ಟರು. ಮೆದುಳು ದುಡಿಯುವಾಗ ಅದರಲ್ಲೂ ಕಸ ಸೇರುತ್ತದೆ. ಮೆದುಳನ್ನು ಸುತ್ತಿರುವ ತಿಳಿನೀರು ರಕ್ತನಾಳಗಳ ಪಕ್ಕದ ಸಣ್ಣ ಸಣ್ಣ ಸಂದಿಗಳಲ್ಲಿ ಹರಿದು ಆ ಕಸವನ್ನು ತೊಳೆದೊಯ್ಯುತ್ತದೆ. ಅದಕ್ಕೆ ಗ್ಲಿಂಫ್ಯಾಟಿಕ್ ಸಿಸ್ಟಂ ಎಂದು ಹೆಸರು. ಗಾಢ ನಿದ್ರೆಯಲ್ಲಿ ಆ ಹರಿವು ಚೆನ್ನಾಗಿರುತ್ತದೆಂದು ಭಾವಿಸಲಾಗಿದೆ. ಈ ಕಾಯಿಲೆ ಇರುವವರಲ್ಲಿ ಅದು ನಿಧಾನವಾಗಿರಬಹುದು, ಯೋಚನೆ ನಿಧಾನವಾಗುವುದಕ್ಕೂ ಅದಕ್ಕೂ ಸಂಬಂಧವಿರಬಹುದು ಎಂದು ವಿಶೇಷ ಎಂಆರ್‌ಐಗಳ ಮೂಲಕ ಸಂಶೋಧಕರು ನೋಡುತ್ತಿದ್ದಾರೆ. "ಆದರೆ ಅಯ್ಯಾ, ಇದೆಲ್ಲ ಇನ್ನೂ ಹುಡುಕಾಟದ ಹಂತ. ಇದೇ ಕಾರಣ ಎಂದು ನಾನು ಹೇಳಲಾರೆ. ನಿದ್ದೆ ಸರಿಮಾಡಿದರೆ ಕಾಯಿಲೆ ಹೋಗುತ್ತದೆ ಎಂದೂ ಹೇಳಲಾರೆ. ನಿದ್ದೆ ಕೆಟ್ಟರೆ ತಲೆ ಇನ್ನಷ್ಟು ಮಂಕಾಗುತ್ತದೆ, ಅಷ್ಟು ಮಾತ್ರ ಖಚಿತ. ಅದನ್ನು ಸರಿಮಾಡುವುದು ನಮ್ಮ ಕೈಯಲ್ಲಿದೆ."

ಕೈಮುಗಿಯಬೇಕೆನ್ನಿಸಿತು. ತನಗೆ ತಿಳಿದದ್ದು ಎಲ್ಲಿಗೆ ಮುಗಿಯುತ್ತದೆಂದು ಇಷ್ಟು ನಿರ್ಭಯವಾಗಿ ಹೇಳಬಲ್ಲವರನ್ನು ನಾನು ಪಾಠಶಾಲೆಯಲ್ಲೂ ಹೆಚ್ಚಾಗಿ ಕಂಡಿರಲಿಲ್ಲ.

ಅದಕ್ಕಿಂತ ಹೆಚ್ಚಿನ ವಿಸ್ಮಯ ಆ ನೀರಿನದು. ಐವತ್ತು ವರ್ಷಗಳಿಂದ ನಾನು ದಿನವೂ ನಿರ್ಮಾಲ್ಯ ತೆಗೆದವನು. ನಿನ್ನೆಯ ಹೂವು ಎಷ್ಟೇ ಚೆಲುವಿನದಾಗಿದ್ದರೂ, ಅದನ್ನು ತೆಗೆಯದೆ ಇಂದಿನ ಹೂವಿಡುವಂತಿಲ್ಲ. ಅದು ಅರ್ಚಕನ ಮೊದಲ ಕೆಲಸ, ಯಾರ ಕಣ್ಣಿಗೂ ಬೀಳದ ಕೆಲಸ. ನಾವೆಲ್ಲ ಮಲಗಿರುವಾಗ, ಪ್ರತಿಯೊಬ್ಬರ ನೆತ್ತಿಯೊಳಗೆ ಒಬ್ಬ ಅರ್ಚಕ ಸದ್ದಿಲ್ಲದೆ ನಿನ್ನೆಯ ನಿರ್ಮಾಲ್ಯವನ್ನು ತೆಗೆಯುತ್ತಿರುತ್ತಾನೆ ಎಂದು ನೆನೆದರೆ ಮೈ ಪುಳಕಗೊಳ್ಳುತ್ತದೆ. ನಿದ್ರೆಯನ್ನು ತಮೋಗುಣವೆಂದು ಹೇಳಿಕೊಟ್ಟವನು ನಾನು. ಅಂದು ಆಸ್ಪತ್ರೆಯ ಕುರ್ಚಿಯಲ್ಲಿ ಕುಳಿತು ಆ ಪಾಠವನ್ನು ಮರಳಿ ಓದಿದೆ.

ಎರಡು ವಾರದ ನಿದ್ದೆಯ ದಿನಚರಿ ಬರೆದು ತರಲು ಡಾಕ್ಟರು ಹೇಳಿದರು. ಮಲಗಿದ ಹೊತ್ತು, ಎಚ್ಚರವಾದ ಹೊತ್ತು, ಎಚ್ಚರದ ಕಾರಣ. ಮೂರೇ ಕಾಲಮ್ಮು.

ಮನೆಯೆಲ್ಲ ಸೇರಿ ನಿದ್ದೆಯ ಶತ್ರುಗಳನ್ನು ಹುಡುಕಿದೆವು. ಶಿವಕುಮಾರ, ಮಲಗುವ ಕೋಣೆಯ ಗೋಡೆಗೆ ಹತ್ತಿರವಿರುವ ನಾಲ್ಕು ಮಗ್ಗಗಳನ್ನು ರಾತ್ರಿ ಒಂಬತ್ತಕ್ಕೇ ನಿಲ್ಲಿಸತೊಡಗಿದ. ರಾಜಮ್ಮ ತನ್ನ ಟಿವಿಯ ಸದ್ದು ತಗ್ಗಿಸಿ, ಸೀರಿಯಲ್ಲಿನವರ ಬಾಯಿ ನೋಡಿಯೇ ಜಗಳ ಅರ್ಥಮಾಡಿಕೊಂಡಳು. ಕಿಟಕಿಗೆ ಸೊಳ್ಳೆಬಲೆ ಬಂತು. ನಾನು ಇವರೆಲ್ಲರ ತ್ಯಾಗವನ್ನು ಮನಸಾರೆ ಕೊಂಡಾಡಿದೆ. ನನ್ನ ಪಾಲಿಗೆ ಬಿಡಬೇಕಾದದ್ದು ಏನೂ ಕಾಣಲಿಲ್ಲ.

ಪದ್ಮಾವತಿ ದಿನಚರಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದಳು. ಕಲಿಸಿದವನಿಗೆ ಅದು ಹೆಮ್ಮೆಯೇ ಆಯಿತು. ಏಕೆಂದು ಕೇಳಲಿಲ್ಲ.

ಹದಿನೈದನೆಯ ದಿನ ಆಸ್ಪತ್ರೆಗೆ ಹೋದೆವು. ಅವಳನ್ನು ನಡಿಗೆಯ ಪರೀಕ್ಷೆಗೆಂದು ಪಕ್ಕದ ಕೋಣೆಗೆ ಕರೆದೊಯ್ದರು. ಡಾಕ್ಟರು ನೋಟ್‌ಬುಕ್ ತೆರೆದು ನಕ್ಕರು. "ಇದು ನನಗೆ ಓದಲು ಬರುವುದಿಲ್ಲವಲ್ಲ." ಶಿವಕುಮಾರನೂ ತಲೆಯಾಡಿಸಿದ. ಅಲ್ಲಿ ಓದಬಲ್ಲವನು ನಾನೊಬ್ಬನೇ. ಕನ್ನಡಕ ಏರಿಸಿ, ತಮಿಳಿಗೆ ತಿರುಗಿಸುತ್ತಾ ಓದತೊಡಗಿದೆ.

"ಹತ್ತೂವರೆ, ಮಲಗಿದೆ. ಹನ್ನೆರಡು, ಎಚ್ಚರ. ಕಾರಣ, ಕಾಲು ಸೆಟೆದುಕೊಂಡಿತು. ಒಂದೂಮುಕ್ಕಾಲು, ಎಚ್ಚರ. ಕಾರಣ, ಬಾತ್‌ರೂಮ್. ಎರಡೂವರೆಗೆ ಚೆನ್ನಾಗಿ ನಿದ್ದೆ ಹತ್ತಿತು. ನಾಲ್ಕೂಕಾಲು, ಎಚ್ಚರ. ಕಾರಣ..."

ಕಾರಣದ ಜಾಗ ಖಾಲಿಯಿತ್ತು.

"ಬರೆದಿಲ್ಲ," ಎಂದೆ. ಎರಡನೆಯ ದಿನವನ್ನು ಓದಿದೆ. ಸೆಟೆತ. ಬಾತ್‌ರೂಮ್. ಮೂರಕ್ಕೆ ನಿದ್ದೆ. ನಾಲ್ಕೂಕಾಲು, ಎಚ್ಚರ. ಕಾರಣ ಖಾಲಿ. ಮೂರನೆಯ ದಿನ. ನಾಲ್ಕೂಕಾಲು. ಖಾಲಿ.

"ಇದೇನು, ದಿನವೂ ಒಂದೇ ಹೊತ್ತಿಗೆ?" ಡಾಕ್ಟರು ಪೆನ್ನು ಕೆಳಗಿಟ್ಟರು. "ಕಷ್ಟಪಟ್ಟು ನಿದ್ದೆ ಹಿಡಿಯುವುದೇ ಎರಡೂವರೆ, ಮೂರಕ್ಕೆ. ಅದನ್ನು ನಾಲ್ಕೂಕಾಲಿಗೆ ಯಾರು ಮುರಿಯುತ್ತಿದ್ದಾರೆ?"

"ಆ ಹೊತ್ತಿಗೆ ನಮ್ಮ ತರಿ ಯಾವುದೂ ಓಡಲ್ಲ ಡಾಕ್ಟರ್," ಎಂದ ಶಿವಕುಮಾರ, ಪ್ರಾಮಾಣಿಕವಾಗಿ ಯೋಚಿಸುತ್ತಾ.

ನಾನು ನಾಲ್ಕನೆಯ ದಿನದ ಪುಟದ ಮೇಲೆ ಬೆರಳಿಟ್ಟಿದ್ದೆ. ಆ ಅಕ್ಷರಗಳು ದುಂಡಗಿದ್ದವು. ನಾನೇ ತಿದ್ದಿಸಿದವು. ಉಳಿದ ಪುಟಗಳಲ್ಲೂ ಅದೇ ಖಾಲಿ ಜಾಗ ಕಂಡಿತು. ಒಟ್ಟು ಹದಿನಾಲ್ಕು.

"ಅದು ನನ್ನ ಗಂಟೆ," ಎಂದೆ.

ಶಿವಕುಮಾರ ನನ್ನನ್ನು ನೋಡಿದ. ನೋಡಿ ತಲೆ ತಗ್ಗಿಸಿದ. ಅವನು ಕೂಗಿದ್ದರೆ ನನಗೆ ಹಗುರವಾಗುತ್ತಿತ್ತು. ನಮ್ಮ ಮನೆಯಲ್ಲಿ ಆ ಗಂಟೆಯನ್ನು ಯಾರೂ ಸದ್ದುಗಳ ಸಾಲಿನಲ್ಲಿ ಎಣಿಸಿರಲೇ ಇಲ್ಲ. ಮುಂಜಾವಿಗೆ ಏಳುವುದು ನಿದ್ರಾಭಂಗವಲ್ಲ, ಪುಣ್ಯ. ಹಾಗೆಂದು ಕಲಿಸಿದವನೂ ನಾನೇ. ನಾನು ಪೀಠದ ನಿರ್ಮಾಲ್ಯ ತೆಗೆಯುವ ಸಂಭ್ರಮದಲ್ಲಿ, ಅವಳ ತಲೆಯೊಳಗೆ ಆಗತಾನೇ ಕೆಲಸಕ್ಕೆ ಕೂತ ಅರ್ಚಕನನ್ನು ದಿನದಿನವೂ ಎಬ್ಬಿಸಿ ಕಳಿಸಿದ್ದೆ. ತಡವರಿಸಿದರೆ ಮೊದಲಿನಿಂದ ಹೇಳು ಎಂದಿದ್ದೆ.

ಡಾಕ್ಟರು ನನ್ನ ಕೈಯಿಂದ ಪುಸ್ತಕವನ್ನು ಮೆಲ್ಲನೆ ತೆಗೆದುಕೊಂಡರು. "ಅಯ್ಯಾ, ಕಾಲಿನ ಸೆಟೆತಕ್ಕೂ ಬಾತ್‌ರೂಮಿನ ತೊಂದರೆಗೂ ನಾನು ಮಾತ್ರೆ ಕೊಡುತ್ತೇನೆ. ಇದಕ್ಕೆ ನನ್ನಲ್ಲಿ ಮಾತ್ರೆ ಇಲ್ಲ," ಎಂದು ಸಣ್ಣಗೆ ನಕ್ಕರು. ಆ ನಗು ನನ್ನನ್ನು ಕಾಪಾಡಿತು.

ಶಿವಕುಮಾರನಿಗೆ ಕೊಯಮತ್ತೂರಿನಲ್ಲೇ ಉಕ್ಕಡದ ಕಡೆ ಮಗ್ಗದ ಬಿಡಿಭಾಗ ಕೊಳ್ಳುವ ಕೆಲಸವಿತ್ತು. ನಮ್ಮಿಬ್ಬರನ್ನು ಅಲ್ಲಿನ ಕೆರೆಯ ಏರಿಯ ಬೆಂಚಿನ ಮೇಲೆ ಕೂರಿಸಿ ಹೋದ. ಗಾಳಿ ತಿರುಗಿದಾಗಲೆಲ್ಲ ಮೀನು ಮಂಡಿಯ ವಾಸನೆ ಬರುತ್ತಿತ್ತು. ಪದ್ಮಾವತಿ ಸೆರಗಿನಿಂದ ಮೂಗು ಮುಚ್ಚಿ, "ನಿಮಗೆ ಕಷ್ಟ ಆಗ್ತೈತಾ ಮಾವಾ? ಅತ್ತ ಹೋಗಿ ಕೂತ್ಕೋಳಾಣ," ಎಂದಳು. ನನ್ನ ಕಷ್ಟವನ್ನೇ ಕೇಳಿದಳು.

"ಯಾಕಮ್ಮಾ ಬರೀಲಿಲ್ಲ?" ಎಂದೆ.

ಏನೆಂದು ಕೇಳಲಿಲ್ಲ. ಕೆರೆಯ ಕಡೆ ನೋಡುತ್ತಾ ಮಾತುಗಳನ್ನು ಒಂದೊಂದಾಗಿ ಆರಿಸಿದಳು. ಈಗ ಅವಳು ಮಾತಾಡುವುದು ಹಾಗೆಯೇ, ನುಚ್ಚಿನಿಂದ ಕಲ್ಲು ಆರಿಸುವಂತೆ.

"ಸೊಳ್ಳೆ, ಕಾಲ್ನೋವು, ಬಾತ್‌ರೂಮು... ಅದರ ಕೆಳಗೆ... ದೇವರ ಗಂಟೇನ ಎಂಗೆ ಬರೀಲಿ ಮಾವಾ?"

"ಮತ್ತೆ ಕನ್ನಡದಲ್ಲಿ ಯಾಕೆ ಬರದೆ?"

"ತಮಿಳಲ್ಲಿ ಬರದ್ರೆ ನಿಮ್ಮ ಮಗ ಓದ್ತಾರೆ. ಓದುದ್ರೆ ನಿಮ್ಮತ್ರ ಸಂಡೆಗೆ ಬರ್ತಾರೆ." ಸಂಡೆ ಎಂದರೆ ನಮ್ಮ ಕಡೆ ಜಗಳ. "ನಾಲ್ಕೂಕಾಲು ಅಂದ್ರೆ ಏನೂಂತ ಅವರಿಗೆ ಹೊಳೀದೆ ಇರುತ್ತಾ?"

"ನಾನು ಓದಿದರೆ?"

ಆಗ ಅವಳು ನಕ್ಕಳು, ಹಳೆಯ ಪದ್ಮಾವತಿಯ ನಗು. "ನೀವು ಓದ್ತೀರಿ. ಆದ್ರೆ ತಪ್ಪು ತಿದ್ದೋಕೆ ಓದ್ತೀರಿ. ಒತ್ತು ಬಿಟ್ಟಿದ್ರೆ ಮಾತ್ರ ನಿಮ್ಮ ಕಣ್ಣಿಗೆ ಬೀಳ್ತೈತೆ."

ಎಷ್ಟು ಸರಿಯಾಗಿ ನನ್ನನ್ನು ಓದಿದ್ದಾಳೆ! ಚಿಹ್ನೆ ಅಂಕಿಗಳ ಪರೀಕ್ಷೆಯಲ್ಲಿ ಅವಳ ವೇಗ ಇಳಿದಿರಬಹುದು. ಮನುಷ್ಯರನ್ನು ಓದುವ ಪರೀಕ್ಷೆ ಯಾವ ಆಸ್ಪತ್ರೆಯಲ್ಲಾದರೂ ಇದ್ದಿದ್ದರೆ ಅಂದು ನಾನು ಸೋಲುತ್ತಿದ್ದೆ, ಅವಳು ಗೆಲ್ಲುತ್ತಿದ್ದಳು. ಹದಿನಾಲ್ಕು ದಿನ ತನ್ನ ನಿದ್ದೆಯನ್ನು ನನ್ನ ಮರ್ಯಾದೆಗೆ ಕೊಟ್ಟಿದ್ದಳು. ಲೆಕ್ಕ ಹಾಕಿದರೆ ಹದಿನಾಲ್ಕು ದಿನವಲ್ಲ, ವರ್ಷಗಳು.

"ಬರೀಬೇಕಿತ್ತು ತಾಯಿ," ಎಂದೆ.

ಮರುದಿನ ನಾಲ್ಕೂಕಾಲಿಗೆ ಎಂದಿನಂತೆ ಎದ್ದೆ. ಗಂಟೆಯ ನಾಲಗೆಗೆ ಹತ್ತಿಯ ತುಂಡು ಬಟ್ಟೆಯನ್ನು ಮೂರು ಸುತ್ತು ಸುತ್ತಿ ನೂಲಿನಿಂದ ಕಟ್ಟಿದೆ. ನಮ್ಮದೇ ಮಗ್ಗದ ಬಟ್ಟೆ. ರಾಜಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಅಮ್ಮನವರು ಕೋಪಿಸಿಕೊಂಡರೆ?" ಎಂದು ಪಿಸುಮಾತಿನಲ್ಲಿ ಕೇಳಿದೆ. ಅವಳನ್ನು ಕೇಳಿದೆನೋ ನನ್ನನ್ನೇ ಕೇಳಿಕೊಂಡೆನೋ.

"ಐವತ್ತು ವರುಸ ಆಯ್ತು, ನಿಮ್ಮ ಗಂಟೆಗೆ ಮುಂಚೆ ನಾನು ಎದ್ದಿರ್ತೀನಿ. ಅಮ್ಮನವರು ನನಗಿಂತ ಮುಂಚೆ ಎದ್ದಿರ್ತಾರೆ. ನೀವು ಯಾರನ್ನ ಎಬ್ಬಿಸ್ತಿದ್ರಿ ಅನ್ನೋದು ನಿಮಗೊಬ್ಬರಿಗೇ ಗೊತ್ತಿರಲಿಲ್ಲ," ಎಂದಳು. ಆ ಮೇಲೆ, "ಗಂಟು ಬಿಗಿಯಾಗಿ ಹಾಕಿ, ಸಡಿಲ ಆಗೈತೆ," ಎಂದು ತಾನೇ ಬಂದು ಬಿಗಿದಳು.

ಅಂದಿನಿಂದ ಪೂಜೆಯನ್ನು ಎರಡಾಗಿ ಒಡೆದಿದ್ದೇನೆ. ಮುಂಜಾವಿಗೆ ಸದ್ದಿಲ್ಲದೆ ನಿರ್ಮಾಲ್ಯ ತೆಗೆದು, ಪೀಠ ಒರೆಸಿ, ದೀಪ ಹಚ್ಚುತ್ತೇನೆ. ಅಲ್ಲಿಗೆ ನಿಲ್ಲುತ್ತೇನೆ. ಹೂವಿಡುವುದು ಪದ್ಮಾವತಿ ತಾನಾಗಿ ಎದ್ದು ಬಂದ ಮೇಲೆ, ಆರೂವರೆಯಾಗಲಿ, ಏಳಾಗಲಿ. ಆ ಎರಡು ಗಂಟೆ ಅಮ್ಮನವರು ಹೂವಿಲ್ಲದೆ ಕೂತಿರುತ್ತಾರೆ, ನಾನು ಎದುರಿಗೆ ಕೂತಿರುತ್ತೇನೆ. ಆರಂಭದಲ್ಲಿ ಅದು ಲೋಪವೆನ್ನಿಸಿ ಎದೆ ಚುಚ್ಚುತ್ತಿತ್ತು. ಈಗ ಅದೇ ನನ್ನ ದಿನದ ಶ್ರೇಷ್ಠವಾದ ಹೊತ್ತು. ಗೋಡೆಯಾಚೆ ಒಬ್ಬಳು ಮಲಗಿದ್ದಾಳೆ. ಅವಳೊಳಗೆ ತಿಳಿನೀರು ಹರಿಯುತ್ತಿದೆ. ಇಬ್ಬರು ಅರ್ಚಕರಲ್ಲಿ ಒಬ್ಬನ ಕೆಲಸ ಮುಗಿದಿದೆ, ಇನ್ನೊಬ್ಬನದು ಮುಗಿಯಲೆಂದು ಕಾಯುತ್ತಿದ್ದಾನೆ.

ಮಾತ್ರೆಗಳು ಸೆಟೆತವನ್ನು ತಗ್ಗಿಸಿದವು. ಮಧ್ಯಾಹ್ನದ ಬಿಸಿಲಿಗೆ ಮುಂಚೆ ಕೆಲಸ ಮುಗಿಸಿ ಒರಗುವ ಅಭ್ಯಾಸವಾಯಿತು. ಹತ್ತು ತಿಂಗಳ ಬಳಿಕ ಮತ್ತೆ ಆ ತೊಂಬತ್ತು ಸೆಕೆಂಡಿನ ಪರೀಕ್ಷೆ ಮಾಡಿದರು. ಅಂಕ ಒಂದೆರಡು ಏರಿತ್ತು. ನಾನು ಸಂತೋಷದಿಂದ ಎದ್ದೇ ನಿಂತೆ. ಡಾಕ್ಟರು ಕೂರಿಸಿದರು. "ಒಂದೆರಡು ಅಂಕ ಹೀಗೂ ಹಾಗೂ ಆಗುತ್ತದೆ ಅಯ್ಯಾ. ಇಳಿದಿಲ್ಲ ಎನ್ನುವುದೇ ಒಳ್ಳೆಯ ಸುದ್ದಿ. ಡ್ರಿಪ್ ಇದೆ, ಮಾತ್ರೆ ಇದೆ, ನಿದ್ದೆಯೂ ಇದೆ. ಯಾವುದರಿಂದ ಎಷ್ಟು ಎಂದು ಯಾರೂ ಹೇಳಲಾರರು." ನಾಳೆ ಏನೆಂದೂ ಯಾರೂ ಹೇಳಲಾರರು. ಇಳಿದಿಲ್ಲ. ಆ ಒಂದು ಮಾತನ್ನು ಪ್ರಸಾದದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ಮನೆಗೆ ಬಂದೆವು.

ಈ ಸಲದ ಧನುರ್ಮಾಸವೂ ಬಂತು. ಬೀದಿಯ ಮನೆಗಳಲ್ಲೆಲ್ಲ ಕತ್ತಲಿರುವಾಗಲೇ ರಂಗೋಲಿ, ಹಾಡು. ನಮ್ಮ ಮನೆಯ ಮುಂದೆ ರಂಗೋಲಿ ಬೀಳುವುದು ಬೆಳಕು ಹರಿದ ಮೇಲೆ. ಒಬ್ಬಿಬ್ಬರು ಕೇಳಿದರು. ರಾಜಮ್ಮ ಅವರಿಗೆ ಏನು ಉತ್ತರ ಕೊಟ್ಟಳೋ, ಮತ್ತೆ ಯಾರೂ ಕೇಳಲಿಲ್ಲ.

ಮೊನ್ನೆ ಬೆಳಿಗ್ಗೆ ಆರೂಮುಕ್ಕಾಲಿಗೆ ಪದ್ಮಾವತಿ ಬಂದು ಕುಳಿತಳು. ಗಂಟೆಯ ಬಟ್ಟೆಯನ್ನು ತಾನೇ ಬಿಚ್ಚಿ ಪಕ್ಕಕ್ಕಿಟ್ಟಳು. ಶೆಡ್ಡಿನಲ್ಲಿ ಮಗ್ಗಗಳು ಓಡತೊಡಗಿದ್ದವು. ಒಂದೊಂದಾಗಿ ನಾಮಗಳನ್ನು ಹೇಳಿದಳು, ಒಂದೊಂದಾಗಿ ನಾನು ಹೂವಿಟ್ಟೆ. ಅರವತ್ತಮೂರನೆಯದರಲ್ಲಿ ನಿಂತಳು.

ಹೂವು ನನ್ನ ಬೆರಳುಗಳ ನಡುವೆ ಇತ್ತು. ಆ ನಾಮ ನನ್ನ ನಾಲಗೆಯ ತುದಿಯಲ್ಲಿತ್ತು. ಮೊದಲಿನಿಂದ ಎನ್ನಲಿಲ್ಲ. ಹೇಳಿಕೊಡಲೂ ಇಲ್ಲ. ಕಾಯುವುದನ್ನು ಈ ಒಂದು ವರ್ಷದಲ್ಲಿ ಕಲಿತಿದ್ದೇನೆ.

ಅವಳು ತಲೆಯನ್ನು ಸ್ವಲ್ಪ ಓರೆಮಾಡಿ ಏನನ್ನೋ ಆಲಿಸಿದಳು.

"ಏನುಂಗ," ಎಂದು ಶೆಡ್ಡಿನ ಕಡೆಗೆ ಕೂಗಿದಳು, "ಮೂರನೇ ತರಿ ನಿಂತೋಯ್ತು!"

ಎರಡು ವರ್ಷದ ಬಳಿಕ ಆ ಕೂಗು. ಕರಿಬೇವು ಬಿಡಿಸುತ್ತಿದ್ದ ರಾಜಮ್ಮನ ಕೈ ನಿಂತಿತು. ಗೋಡೆಯಾಚೆಯಿಂದ ಶಿವಕುಮಾರನ ಸ್ವರ ಬಂತು:

"ಮೂರಲ್ಲ, ನಾ...ಲ್ಕು! ಆದ್ರೆ ನಾನಿನ್ನೂ ನೋಡಿರಲಿಲ್ಲ, ನೀನೇ ಮೊದಲು!"

"ಪಕ್ಕದ ಮನೆವರೆಗೂ ಬಂದಿದ್ದೀನಲ್ಲ, ಸಾಕು," ಎಂದು ಅವಳು ನಕ್ಕಳು. ನಗುತ್ತಲೇ ಪುಸ್ತಕದ ಕಡೆ ತಿರುಗಿ, ನಿಂತಿದ್ದ ನಾಮವನ್ನು ಹೇಳಿದಳು.

ನಾನು ಹೂವಿಟ್ಟೆ.